ಮಗ್ಗದ ಭಾಷೆ, ಪೇಟೆಂಟಿನ ಭಾಷೆ

ಪೇಟೆಂಟ್ ಎಂಬ ಪದ ಕನ್ನಡದ ಓದುಗರಿಗೆ ಪರಿಚಯವಾದದ್ದು ಬೇವು, ಅರಿಶಿನ, ಬಾಸ್ಮತಿಗಳ ಮೂಲಕ. ಗಾಯಕ್ಕೆ ಅರಿಶಿನ ಹಚ್ಚುವ ನಮ್ಮ ಅಜ್ಜಿಯರ ವಿದ್ಯೆಗೆ ಅಮೆರಿಕದಲ್ಲಿ ಹಕ್ಕು ಪಡೆದವರಿದ್ದರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ಸಾಕ್ಷ್ಯವಾಗಿ ಒಡ್ಡಿ 1997ರಲ್ಲಿ ಅದನ್ನು ರದ್ದುಪಡಿಸಿತು. ಅಂದಿನಿಂದ ಪೇಟೆಂಟ್ ಎಂದರೆ ಹೊರಗಿನವರು ನಮ್ಮದನ್ನು ಕಸಿದುಕೊಳ್ಳುವ ಉಪಾಯ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ನಮ್ಮವನೇ ಒಬ್ಬ ಏನನ್ನೋ ಹೊಸದಾಗಿ ಮಾಡಿ, ಇದು ನನ್ನದೆಂದು ಹೇಳಿಕೊಳ್ಳುವುದು ಹೇಗೆ ಎಂದು ಕೇಳಿದರೆ ಉತ್ತರಿಸಲು ನಾವು ತಡವರಿಸುತ್ತೇವೆ.

ಈ ಪ್ರಶ್ನೆ ಏಳುವುದು ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಮಾತ್ರ ಎಂದು ಭಾವಿಸಬೇಕಿಲ್ಲ. ದೊಡ್ಡಬಳ್ಳಾಪುರದಲ್ಲಿ ಬೀದಿಗೆ ಬೀದಿಯೇ ವಿದ್ಯುತ್ ಮಗ್ಗಗಳ ಸದ್ದು. ನೆಲಮಂಗಲದಿಂದ ದಾಬಸ್‌ಪೇಟೆಯವರೆಗೆ ಹೆದ್ದಾರಿಯುದ್ದಕ್ಕೂ ಕಾರ್ಖಾನೆಗಳು. ದೇವನಹಳ್ಳಿ, ಹೊಸಕೋಟೆಗಳಲ್ಲಿ ದ್ರಾಕ್ಷಿ, ರೇಷ್ಮೆ, ಹೂವು, ತರಕಾರಿ. ಇಲ್ಲೆಲ್ಲ ಕೆಟ್ಟ ಯಂತ್ರವನ್ನು ತಾನೇ ಬಿಚ್ಚಿ, ಕಟ್ಟಿ, ಅದಕ್ಕೊಂದು ಹೊಸ ಅಂಗ ಸೇರಿಸುವ ಕೈಗಳಿಗೆ ಕೊರತೆಯಿಲ್ಲ. ಕಾನೂನು ಓದಿದವನೆಂಬ ಕಾರಣಕ್ಕೆ ಅಂಥವರ ಪ್ರಶ್ನೆಗಳು ನನ್ನವರೆಗೂ ಬರುತ್ತವೆ. ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು, ಉತ್ತರಗಳೂ ಕಾಯ್ದೆಯಲ್ಲಿವೆ. ಆದರೆ ಉತ್ತರಗಳನ್ನು ಹೇಳಿ ಮುಗಿಸಿದ ಮೇಲೂ ಒಂದು ತೊಡಕು ಹಾಗೆಯೇ ಉಳಿಯುತ್ತದೆ. ಅದು ಭಾಷೆಯ ತೊಡಕು.

ಮೊದಲ ಪ್ರಶ್ನೆ ಸಹಜವಾಗಿಯೇ, ನಾನು ಮಾಡಿದ್ದಕ್ಕೆ ಪೇಟೆಂಟ್ ಸಿಗುತ್ತದೆಯೇ ಎಂಬುದು. ಹಾಸಿನ ಎಳೆ ಕಡಿದೊಡನೆ ಮಗ್ಗವನ್ನು ತಾನಾಗಿ ನಿಲ್ಲಿಸುವ ಸಲಕರಣೆಯೊಂದನ್ನು ತನ್ನ ಹಳೆಯ ಮಗ್ಗಕ್ಕೆ ಅಳವಡಿಸಿದ ನೇಕಾರನೊಬ್ಬನನ್ನು ಊಹಿಸಿಕೊಳ್ಳಿ. 1970ರ ಪೇಟೆಂಟ್ ಕಾಯ್ದೆ ಆತನನ್ನು ಮೂರು ಮಾತು ಕೇಳುತ್ತದೆ. ಇದು ಜಗತ್ತಿನಲ್ಲಿ ಎಲ್ಲಿಯೂ ಮೊದಲೇ ತಿಳಿದಿರದ ಸಂಗತಿಯೇ? ಆ ಕಸುಬು ಬಲ್ಲ ಯಾರಿಗಾದರೂ ಸಲೀಸಾಗಿ ಹೊಳೆಯುವಂಥದ್ದಲ್ಲವೇ? ಉದ್ಯಮದಲ್ಲಿ ಬಳಸಲು ಬರುತ್ತದೆಯೇ? ಮೂರನೆಯದಕ್ಕೆ ಆತನ ಉತ್ತರ ಸಿದ್ಧವಿದೆ, ಮಗ್ಗ ಓಡುತ್ತಿದೆ. ಮೊದಲ ಎರಡರಲ್ಲಿ ಕಷ್ಟ. ಎಳೆ ಕಡಿದಾಗ ಮಗ್ಗ ನಿಲ್ಲಿಸುವ ಉಪಾಯಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಬಂದಿದ್ದವು. ಆದ್ದರಿಂದ ನಿಲ್ಲಿಸುವ ಕಲ್ಪನೆಗೆ ಹಕ್ಕಿಲ್ಲ; ಆತ ಅದನ್ನು ಸಾಧಿಸಿದ ನಿರ್ದಿಷ್ಟ ಬಗೆಯಲ್ಲಿ ಹೊಸತೇನಾದರೂ ಇದ್ದರೆ ಅದಕ್ಕೆ ಮಾತ್ರ ಹಕ್ಕಿನ ಸಾಧ್ಯತೆ.

ಈ ವಿಷಯದಲ್ಲಿ ನಮ್ಮ ನ್ಯಾಯಾಲಯಗಳ ನಿಲುವು ಕಟ್ಟುನಿಟ್ಟಾದದ್ದು. ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ತಯಾರಕರು ಪಾತ್ರೆಗಳನ್ನು ಲೇತಿನಲ್ಲಿ ಬಿಗಿಹಿಡಿಯುವ ವಿಧಾನವೊಂದಕ್ಕೆ 1951ರ ಪೇಟೆಂಟ್ ಹೊಂದಿದ್ದರು. ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿ, 1978ರಲ್ಲಿ ನ್ಯಾಯಾಲಯ ಇದರಲ್ಲಿ ಆವಿಷ್ಕಾರವೆನ್ನುವಂಥದ್ದಿಲ್ಲ, ಇದು ಕಾರ್ಯಾಗಾರದಲ್ಲಿ ನಡೆಯುವ ಸಾಮಾನ್ಯ ಸುಧಾರಣೆ ಎಂದು ತೀರ್ಮಾನಿಸಿತು. ಇಪ್ಪತ್ತೇಳು ವರ್ಷಗಳ ಬಳಿಕ ಕೈಗೆ ಬಂದ ಉತ್ತರ ಅದು! ತಿಳಿದ ಬಿಡಿಭಾಗಗಳನ್ನು, ಪ್ರತಿಯೊಂದೂ ತನ್ನ ಎಂದಿನ ಕೆಲಸವನ್ನೇ ಮಾಡುವಂತೆ ಬರಿದೆ ಜೋಡಿಸಿದರೆ ಅದು ಆವಿಷ್ಕಾರವಲ್ಲ ಎಂದು ಕಾಯ್ದೆಯ ಮೂರನೆಯ ಸೆಕ್ಷನ್ ಸ್ಪಷ್ಟವಾಗಿಯೇ ಹೇಳುತ್ತದೆ. ನಮ್ಮ ಊರುಗಳ ಜಾಣ್ಮೆ ಬಹುಮಟ್ಟಿಗೆ ಈ ಜೋಡಣೆಯ ಜಾಣ್ಮೆಯೇ ಆಗಿರುವುದರಿಂದ, ಕೇಳಿ ಬಂದವರಲ್ಲಿ ಹಲವರಿಗೆ ನಾನು ಅರ್ಜಿ ಹಾಕಬೇಡಿ ಎಂದೇ ಹೇಳಬೇಕಾಗುತ್ತದೆ.

ಹಕ್ಕಿಗೆ ಯೋಗ್ಯವಾದದ್ದನ್ನು ಮಾಡಿದವರೂ ಇದ್ದಾರೆ. ಅವರು ಸಾಮಾನ್ಯವಾಗಿ ಬರುವುದು ತಡವಾಗಿ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ್ದೇನೆ, ನನಗೆ ನಾನೇ ರಿಜಿಸ್ಟರ್ ಪೋಸ್ಟ್ ಮಾಡಿಕೊಂಡು ಲಕೋಟೆ ಒಡೆಯದೆ ಇಟ್ಟಿದ್ದೇನೆ, ಸಾಲದೇ ಎಂದು ಕೇಳುತ್ತಾರೆ. ಸಾಲದು. ಅದರಿಂದ ಒಂದು ದಿನಾಂಕಕ್ಕೆ ಪುರಾವೆ ಸಿಕ್ಕೀತು. ಪೇಟೆಂಟ್ ಹಕ್ಕು ಹುಟ್ಟುವುದಿಲ್ಲ. ಇನ್ನು ಕೆಲವರು ಯಂತ್ರವನ್ನು ಜಿಕೆವಿಕೆಯ ಕೃಷಿ ಮೇಳದಲ್ಲಿ ಪ್ರದರ್ಶಿಸಿ, ಪತ್ರಿಕೆಯಲ್ಲಿ ಚಿತ್ರವೂ ಬಂದು, ನಾಲ್ಕಾರು ಜನಕ್ಕೆ ಮಾರಿದ ಮೇಲೆ ಪೇಟೆಂಟಿನ ವಿಚಾರ ಮಾಡುತ್ತಾರೆ. ಅರ್ಜಿಗೆ ಮೊದಲು ಹೀಗೆ ಬಹಿರಂಗವಾದದ್ದು ಹೊಸತಾಗಿ ಉಳಿಯುವುದಿಲ್ಲ. ಕೇಂದ್ರ ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚಿಸಿದ ವಸ್ತುಪ್ರದರ್ಶನಗಳಿಗೆ ಹನ್ನೆರಡು ತಿಂಗಳ ವಿನಾಯಿತಿ ಇದೆ. ಹಾಗೆ ಅಧಿಸೂಚಿತವಾಗದ ಮೇಳಕ್ಕೆ ಅದು ಅನ್ವಯಿಸದು. ಸಾರ್ವಜನಿಕವಾಗಿಯೇ ಪರೀಕ್ಷಿಸಬೇಕಾದಂಥ ಯಂತ್ರವಾದರೆ, ಹೊಲದಲ್ಲಿ ಓಡಿಸಿ ನೋಡಲು ಅರ್ಜಿಯ ಹಿಂದಿನ ಒಂದು ವರ್ಷದ ಅವಕಾಶವೂ ಇದೆ. ಪ್ರಯೋಗ ಬೇರೆ, ಮಾರಾಟ ಬೇರೆ ಎಂಬ ಗೆರೆಯನ್ನು ಮಾತ್ರ ದಾಟಬಾರದು. ಗೋಡೆಗೆ ಗೋಡೆ ತಾಗಿಕೊಂಡ ಮಗ್ಗದ ಮನೆಗಳಲ್ಲಿ ಗುಟ್ಟು ಕಾಯುವುದೆಂದರೆ ಏನು ಎಂಬುದು ಕಾಯ್ದೆ ಬರೆದವರಿಗೆ ತಿಳಿದಿತ್ತೋ ಇಲ್ಲವೋ!

ಆವಿಷ್ಕಾರ ಯಾರದು ಎಂಬುದು ಅರ್ಜಿಯಲ್ಲಿ ಬರೆಯಲೇಬೇಕಾದ ಸಂಗತಿ. ಯೋಚನೆ ಮಗ್ಗದ ಯಜಮಾನನದು, ಅದನ್ನು ಲೋಹದಲ್ಲಿ ಮಾಡಿಕೊಟ್ಟವನು ಲೇತ್ ಅಂಗಡಿಯವನು. ಹೇಳಿದಂತೆ ಕಡೆದುಕೊಟ್ಟಿದ್ದರೆ ಅವನು ಕೂಲಿ ಪಡೆದ ಕೆಲಸಗಾರ. ಹೀಗಲ್ಲ, ಹಾಗೆ ಮಾಡಿದರೆ ನಿಲ್ಲುತ್ತದೆ ಎಂದು ತೊಡಕಿನ ಗಂಟನ್ನು ಬಿಡಿಸಿದವನು ಅವನೇ ಆಗಿದ್ದರೆ ಅವನೂ ಆವಿಷ್ಕಾರಕ. ಇಬ್ಬರ ಹೆಸರಿನಲ್ಲಿ ಪೇಟೆಂಟ್ ಬಂದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಇಬ್ಬರಿಗೂ ಸಮಪಾಲು. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಪರರಿಗೆ ಪರವಾನಗಿ ಕೊಡುವಂತಿಲ್ಲ. ಕಾರ್ಖಾನೆಯ ನೌಕರನ ಆವಿಷ್ಕಾರ ಯಾರಿಗೆ ಸೇರಬೇಕೆಂದು ನಮ್ಮ ಪೇಟೆಂಟ್ ಕಾಯ್ದೆ ನೇರವಾಗಿ ಹೇಳುವುದಿಲ್ಲ. ಬಹುಪಾಲು ಅದು ನೇಮಕಾತಿಯ ಕರಾರನ್ನು ಅವಲಂಬಿಸಿದೆ, ಮತ್ತು ಆ ಕರಾರನ್ನು ಓದಿ ಸಹಿ ಮಾಡಿದವರನ್ನು ನಾನು ಕಂಡಿರುವುದು ಕಡಿಮೆ.

ರೈತರ ವಿಷಯ ಬೇರೆ. ಬೇಸಾಯದ ವಿಧಾನಕ್ಕಾಗಲಿ, ಬೀಜಕ್ಕಾಗಲಿ, ಸಸ್ಯದ ತಳಿಗಾಗಲಿ ಭಾರತದಲ್ಲಿ ಪೇಟೆಂಟ್ ಇಲ್ಲ. ತಳಿಗಳಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ದೇವನಹಳ್ಳಿಯ ಚಕ್ಕೋತಕ್ಕೆ, ಬೆಂಗಳೂರು ನೀಲಿ ದ್ರಾಕ್ಷಿಗೆ ದೊರೆತಿರುವುದು ಭೌಗೋಳಿಕ ಗುರುತಿನ ಮಾನ್ಯತೆ. ಅದು ಒಬ್ಬನ ಸ್ವತ್ತಲ್ಲ, ಆ ಸೀಮೆಯ ಬೆಳೆಗಾರರೆಲ್ಲರದು. ಆ ಮಾನ್ಯತೆ ಕಾಯುವುದು ಹೆಸರನ್ನು. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಸೀಮೆಯಲ್ಲಿ ಚಕ್ಕೋತದ ಮರಗಳನ್ನು ಕಾಯುವ ಕಾಯ್ದೆ ಯಾವುದೆಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಖರ್ಚಿನ ಭಯ ಎಲ್ಲರಿಗೂ ಇದೆ. ಸರ್ಕಾರಿ ಶುಲ್ಕ ನಿಜಕ್ಕೂ ದೊಡ್ಡದಲ್ಲ. ವ್ಯಕ್ತಿಯೊಬ್ಬ ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಲು 1,600 ರೂಪಾಯಿ, ಪರಿಶೀಲನೆ ಕೋರಲು 4,000 ರೂಪಾಯಿ. ಮೂರನೆಯ ವರ್ಷದಿಂದ ನವೀಕರಣ ಶುಲ್ಕ ವರ್ಷಕ್ಕೆ 800 ರೂಪಾಯಿಯಿಂದ ಆರಂಭವಾಗಿ ಕೊನೆಯ ಐದು ವರ್ಷ 8,000ಕ್ಕೆ ಮುಟ್ಟುತ್ತದೆ. ಇಪ್ಪತ್ತು ವರ್ಷವೂ ಉಳಿಸಿಕೊಂಡರೆ ಒಟ್ಟು 76,800. ಅರ್ಜಿ ಬರೆದುಕೊಡುವವರ ಶುಲ್ಕ ಇದರ ಮೇಲೆ, ಮತ್ತು ಭಾರವಾದದ್ದು ಅದೇ. ಹಕ್ಕು ಸಿಕ್ಕ ಬಳಿಕ ನಕಲು ಮಾಡಿದವನನ್ನು ಪೊಲೀಸರು ಹಿಡಿದು ತರುವುದಿಲ್ಲ. ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬೇಕು, ಎದುರಾಳಿ ಪೇಟೆಂಟನ್ನೇ ರದ್ದುಪಡಿಸಿ ಎಂದು ಪ್ರತಿದಾವೆ ಹಾಕಿದರೆ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ಮಗ್ಗದ ಚರಿತ್ರೆಯಲ್ಲೇ ಇದಕ್ಕೊಂದು ಹಳೆಯ ನಿದರ್ಶನವಿದೆ. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಹಾರುವ ಲಾಳಿಗೆ ಪೇಟೆಂಟ್ ಪಡೆದ. ಬಟ್ಟೆ ಉದ್ಯಮಿಗಳು ಲಾಳಿಯನ್ನು ಬಳಸಿದರು, ಹಣ ಕೊಡಲಿಲ್ಲ. ಮೊಕದ್ದಮೆಯ ಖರ್ಚು ಹಂಚಿಕೊಳ್ಳಲು ತಮ್ಮಲ್ಲೇ ಕೂಟ ಕಟ್ಟಿಕೊಂಡರು. ಇದ್ದಬದ್ದ ಹಣವನ್ನು ದಾವೆಗಳಿಗೆ ಸುರಿದ ಕೇ 1747ರಲ್ಲಿ ದೇಶ ಬಿಟ್ಟು ಫ್ರಾನ್ಸಿಗೆ ಹೋದ.

ಇಷ್ಟೆಲ್ಲ ತಿಳಿದೂ ಅರ್ಜಿ ಹಾಕಲು ಮುಂದಾದವನ ಎದುರು ಪೇಟೆಂಟ್ ನಿಯಮಾವಳಿಯ ಒಂಬತ್ತನೆಯ ನಿಯಮ ನಿಂತಿದೆ. ಅರ್ಜಿಯ ದಾಖಲೆಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಕರ್ನಾಟಕದ ಅರ್ಜಿಗಳು ಸೇರುವುದು ಚೆನ್ನೈನ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ; ಅಲ್ಲಿ ಕನ್ನಡಕ್ಕೂ ಎಡೆಯಿಲ್ಲ, ಆ ಊರಿನದೇ ಆದ ತಮಿಳಿಗೂ ಇಲ್ಲ.

ಇದನ್ನು ಭಾಷಾಭಿಮಾನದ ಮಾತೆಂದು ತಳ್ಳಿಹಾಕಬಾರದು. ಪೇಟೆಂಟಿನ ಜೀವವಿರುವುದು ಕ್ಲೇಮುಗಳೆಂದು ಕರೆಯುವ ಕೆಲವೇ ವಾಕ್ಯಗಳಲ್ಲಿ. ಕ್ರಯಪತ್ರದಲ್ಲಿ ಚಕ್ಕುಬಂದಿ ಇದ್ದಂತೆ ಅವು. ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸುವ ಗಡಿಗಳು. ಚಕ್ಕುಬಂದಿ ತಪ್ಪಾದರೆ ಏನಾಗುತ್ತದೆಂದು ಜಮೀನು ಚಿನ್ನವಾಗಿರುವ ಈ ತಾಲ್ಲೂಕುಗಳ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಕ್ರಯಪತ್ರ ಕನ್ನಡದಲ್ಲಿರುವುದರಿಂದ ಹೆಬ್ಬೆಟ್ಟು ಒತ್ತುವವನೂ ಅದನ್ನು ಓದಿಸಿ ಕೇಳಿ ಒತ್ತುತ್ತಾನೆ. ಪೇಟೆಂಟ್ ಅರ್ಜಿಗೆ ಮಾತ್ರ ನಮ್ಮ ನೇಕಾರ ನಂಬಿಕೆಯ ಮೇಲೆ ಸಹಿ ಮಾಡುತ್ತಾನೆ. ಆತ ಪಟ್ಟಿ ಎಂದದ್ದು ತೆಳುವಾದ ಕಬ್ಬಿಣದ ಪಟ್ಟಿಯನ್ನು. ನಗರದಲ್ಲಿ ಕುಳಿತು ಬರೆದವರು ಅದನ್ನು ಬೆಲ್ಟ್ ಎಂದು ಬರೆದರೆ, ಆತ ಎಂದೂ ಮಾಡದ ವಸ್ತುವಿಗೆ ಹಕ್ಕು ಕೇಳಿದಂತಾಗುತ್ತದೆ. ಆಮೇಲೆ ತಿದ್ದೋಣವೆಂದರೆ, ಮೂಲ ಅರ್ಜಿಯಲ್ಲಿ ಇರದಿದ್ದುದನ್ನು ತಿದ್ದುಪಡಿಯ ಹೆಸರಿನಲ್ಲಿ ಸೇರಿಸಲು ಕಾಯ್ದೆ ಬಿಡುವುದಿಲ್ಲ.

ಬೇರೆ ಕಡೆ ಹೀಗಿಲ್ಲ. ಯುರೋಪಿನ ಪೇಟೆಂಟ್ ಕಚೇರಿ ಯಾವ ಭಾಷೆಯಲ್ಲಿ ಬರೆದ ಅರ್ಜಿಗಾದರೂ ಸಲ್ಲಿಕೆಯ ದಿನಾಂಕ ನೀಡುತ್ತದೆ. ಎರಡು ತಿಂಗಳಲ್ಲಿ ಇಂಗ್ಲಿಷ್, ಫ್ರೆಂಚ್ ಅಥವಾ ಜರ್ಮನ್ ಅನುವಾದ ಒದಗಿಸಿದರಾಯಿತು. ವಿವರಣೆ ಯಾವ ಭಾಷೆಯಲ್ಲಿದ್ದರೂ ದಿನಾಂಕ ಕೊಡಬೇಕೆಂದು 2000ದ ಪೇಟೆಂಟ್ ಕಾನೂನು ಒಡಂಬಡಿಕೆ ಹೇಳುತ್ತದೆ. ಭಾರತ ಅದಕ್ಕೆ ಸೇರಿಲ್ಲ. ಹೀಗಾಗಿ ಕನ್ನಡದಲ್ಲಿ ಬರೆದ ವಿವರಣೆಗೆ ಮ್ಯೂನಿಕ್‌ನಲ್ಲಿ ಸಿಗುವ ದಿನಾಂಕ ಚೆನ್ನೈನಲ್ಲಿ ಸಿಗುವುದಿಲ್ಲ. ಹಾಗೆಂದು ನೇರ ಮ್ಯೂನಿಕ್‌ಗೆ ಹೋಗುವಂತೆಯೂ ಇಲ್ಲ. ಭಾರತದ ನಿವಾಸಿ ಮೊದಲು ವಿದೇಶದಲ್ಲಿ ಅರ್ಜಿ ಹಾಕಲು ಇಲ್ಲಿನ ಕಚೇರಿಯ ಲಿಖಿತ ಅನುಮತಿ ಬೇಕು.

ಇಷ್ಟು ಭಾಷೆಗಳ ದೇಶದಲ್ಲಿ ಪರಿಶೀಲಕರು ಎಲ್ಲವನ್ನೂ ಓದಲಾದೀತೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಅವರು ಓದಬೇಕಾಗಿಲ್ಲ. ನಮ್ಮ ಕಾಯ್ದೆಯಲ್ಲಿ ತಾತ್ಕಾಲಿಕ ವಿವರಣೆ ಎಂಬ ಒಳ್ಳೆಯ ವ್ಯವಸ್ಥೆಯಿದೆ. ಅದರಲ್ಲಿ ಕ್ಲೇಮುಗಳಿರಬೇಕಾಗಿಲ್ಲ, ಆವಿಷ್ಕಾರವನ್ನು ವಿವರಿಸಿ ಸಲ್ಲಿಸಿದರೆ ಆ ದಿನಾಂಕ ನಮ್ಮದಾಗುತ್ತದೆ, ಪೂರ್ಣ ವಿವರಣೆಗೆ ಹನ್ನೆರಡು ತಿಂಗಳ ಕಾಲಾವಕಾಶ. ಈ ಮೊದಲ ಕಾಗದವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಸ್ವೀಕರಿಸಿ, ದೃಢೀಕೃತ ಅನುವಾದವನ್ನು ಪೂರ್ಣ ವಿವರಣೆಯೊಂದಿಗೆ ಕೇಳಬಹುದು. ಮುಂದೆ ವ್ಯಾಜ್ಯ ಬಂದಾಗ ಆವಿಷ್ಕಾರಕ ತನ್ನ ಮಾತಿನಲ್ಲೇ ಏನು ಹೇಳಿದ್ದನೆಂಬುದಕ್ಕೂ ಅದೇ ದಾಖಲೆಯಾಗುತ್ತದೆ.

ರಾಜ್ಯ ಸರ್ಕಾರ ದೆಹಲಿಯನ್ನು ಕಾಯಬೇಕಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಅಲ್ಲಿಂದ ಒಬ್ಬರು ತಿಂಗಳಿಗೊಂದು ದಿನ ದೇವನಹಳ್ಳಿ ತಾಲ್ಲೂಕಿನ ಜಿಲ್ಲಾಡಳಿತ ಭವನದಲ್ಲಿ, ಇನ್ನೊಂದು ದಿನ ದೊಡ್ಡಬಳ್ಳಾಪುರದಲ್ಲಿ ಕುಳಿತು ಕನ್ನಡದಲ್ಲಿ ಕೇಳಿ, ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿದರೆ ಬಹಳಷ್ಟು ಕೆಲಸವಾಗುತ್ತದೆ. ನೆರವಿದ್ದರೆ ಏನಾಗಬಹುದೆಂಬುದನ್ನು ನೆರೆಯ ತೆಲಂಗಾಣದಲ್ಲಿ ಕಂಡಿದ್ದೇವೆ. ಆಲೇರು ಬಳಿಯ ನೇಕಾರ ಚಿಂತಕಿಂದಿ ಮಲ್ಲೇಶಂ, ಸೀರೆಗೆ ನೂಲು ಸುತ್ತುವಾಗ ಸಾವಿರಾರು ಬಾರಿ ಕೈಚಾಚಿ ಬಳಲುತ್ತಿದ್ದ ತಾಯಿಗಾಗಿ 1999ರಲ್ಲಿ ಆಸು ಯಂತ್ರವನ್ನು ರೂಪಿಸಿದರು. ಅಹಮದಾಬಾದಿನ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಅದಕ್ಕೆ ಪೇಟೆಂಟ್ ಪಡೆಯಲು ನೆರವಾಯಿತು; 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಒಂಬತ್ತನೆಯ ನಿಯಮದ ತಿದ್ದುಪಡಿಗೆ ಸಂಸತ್ತಿನಲ್ಲಿ ಹೊಸ ಮಸೂದೆ ಬೇಕಿಲ್ಲ. ಪರಿಶೀಲನೆ ಕೋರುವ ಗಡುವನ್ನು 48 ತಿಂಗಳಿಂದ 31ಕ್ಕೆ ಇಳಿಸಿದ್ದು 2024ರ ಮಾರ್ಚ್‌ನಲ್ಲಿ ಹೊರಟ ಒಂದು ಅಧಿಸೂಚನೆ. ಭಾಷೆಯ ಬಾಗಿಲು ತೆರೆಯಲು ಅಂಥದೇ ಇನ್ನೊಂದು ಸಾಕು.