ಹದಿಹರೆಯದ ಆಕ್ರೋಶ: ಬೆತ್ತವೂ ಮಾತ್ರೆಯೂ ಉತ್ತರವಲ್ಲ

ತಡಸ: ಹದಿಹರೆಯದ ಹುಡುಗನೊಬ್ಬ ಮನೆಯಲ್ಲೋ ಶಾಲೆಯಲ್ಲೋ ಇನ್ನೊಬ್ಬರ ಮೇಲೆ ಕೈಯೆತ್ತಿದರೆ ಸಮಾಜದ ಬಳಿ ಎರಡು ಸಿದ್ಧ ಉತ್ತರಗಳಿವೆ. ಹುಡುಗ ಬುದ್ಧಿವಂತನಾಗಿದ್ದರೆ ಅದು ಸೊಕ್ಕು. ಬುದ್ಧಿಯ ಬೆಳವಣಿಗೆ ಕುಂಠಿತವಾಗಿದ್ದರೆ ಅದು ಹುಚ್ಚು. ಮೊದಲನೆಯವನಿಗೆ ಬೆತ್ತ, ಎರಡನೆಯವನಿಗೆ ನಿದ್ದೆ ಬರಿಸುವ ಮಾತ್ರೆ ಇಲ್ಲವೇ ಚಿಲಕ ಹಾಕಿದ ಕೋಣೆ. ಹೊಡೆತಕ್ಕೆ ಮುನ್ನ ಏನು ನಡೆಯಿತು ಎಂಬ ಪ್ರಶ್ನೆಯನ್ನು ಮಾತ್ರ ಇಬ್ಬರ ವಿಷಯದಲ್ಲೂ ಯಾರೂ ಕೇಳುವುದಿಲ್ಲ.

ಶಿಗ್ಗಾವಿ ತಾಲ್ಲೂಕಿನ ತಡಸದಂತಹ ಊರಿನಲ್ಲಿ ಈ ಪ್ರಶ್ನೆ ಇನ್ನಷ್ಟು ಕಠಿಣ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಈ ಊರಿನವರಿಗೆ ತಾಲ್ಲೂಕು ಆಸ್ಪತ್ರೆ ಮತ್ತು ಜಿಲ್ಲಾ ಆಸ್ಪತ್ರೆ ದಕ್ಷಿಣಕ್ಕಿವೆ. ಆದರೆ 1845ರಷ್ಟು ಹಿಂದಿನ ಇತಿಹಾಸವುಳ್ಳ, ಇಂದು 'ಡಿಮ್ಹಾನ್ಸ್' ಎಂದೇ ಪರಿಚಿತವಾಗಿರುವ ಮಾನಸಿಕ ಆರೋಗ್ಯ ಸಂಸ್ಥೆ ಇರುವುದು ಉತ್ತರಕ್ಕೆ, ಹುಬ್ಬಳ್ಳಿ ದಾಟಿ ಧಾರವಾಡದಲ್ಲಿ. ತಾಯಿಗಿಂತ ಎತ್ತರಕ್ಕೆ ಬೆಳೆದ, ಬಸ್ಸಿನ ಗದ್ದಲಕ್ಕೇ ಕೆರಳುವ ಮಗನನ್ನು ಕರೆದುಕೊಂಡು ಅಷ್ಟು ದೂರ ಹೋಗಿಬರುವುದು ಒಂದು ದಿನದ ಕೂಲಿ ಕಳೆದುಕೊಂಡಷ್ಟೇ ಸುಲಭವಲ್ಲ.

ಎರಡೂ ಬಗೆಯ ಮಕ್ಕಳಲ್ಲಿ ಹದಿಹರೆಯ ತರುವ ದೈಹಿಕ ಬದಲಾವಣೆ ಒಂದೇ. ಭಾವನೆಗಳು ತೀವ್ರಗೊಳ್ಳುತ್ತವೆ, ಅವುಗಳಿಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಪಕ್ವವಾಗಲು ಇಪ್ಪತ್ತು ವರ್ಷ ದಾಟಬೇಕು. ಅವಮಾನ, ಗೆಳೆಯರ ಒತ್ತಡ, ಮನೆಯೊಳಗಿನ ಕುಡಿತ ಮತ್ತು ಹೊಡೆದಾಟ ಯಾವ ಹುಡುಗನನ್ನಾದರೂ ಕೆರಳಿಸಬಲ್ಲವು. ಸಿಟ್ಟಿನ ಭರದಲ್ಲಿ ತಿರುಗಿಬೀಳುವ ಆಕ್ರಮಣವನ್ನೂ ಲಾಭಕ್ಕಾಗಿ ಯೋಚಿಸಿ ನಡೆಸುವ ಆಕ್ರಮಣವನ್ನೂ ಮನೋವಿಜ್ಞಾನ ಪ್ರತ್ಯೇಕವಾಗಿ ನೋಡುತ್ತದೆ. ಎರಡಕ್ಕೂ ಒಂದೇ ಮದ್ದು ನಾಟುವುದಿಲ್ಲ.

ವ್ಯತ್ಯಾಸ ಆರಂಭವಾಗುವುದು ಮಾತಿನಲ್ಲಿ. ಬೌದ್ಧಿಕ ಅಸಾಮರ್ಥ್ಯವುಳ್ಳ ಮಕ್ಕಳೆಲ್ಲರೂ ಆಕ್ರಮಣಕಾರಿಗಳಲ್ಲ. ಆದರೆ ಹದಿನೈದರ ದೇಹ ಮತ್ತು ನಾಲ್ಕರ ಮಾತು ಒಬ್ಬನಲ್ಲೇ ಸೇರಿದಾಗ, ಹಲ್ಲುನೋವು, ಕಿವಿಸೋರಿಕೆ, ಮಲಬದ್ಧತೆ, ಹುಡುಗಿಯರಲ್ಲಿ ಮುಟ್ಟಿನ ನೋವು ಇವೆಲ್ಲ ಮಾತಾಗಿ ಹೊರಬರದೆ ಪರಚುವಿಕೆಯಾಗಿ, ತಲೆ ಚಚ್ಚಿಕೊಳ್ಳುವಿಕೆಯಾಗಿ ಹೊರಬರಬಹುದು. ದಿನಚರಿಯ ಬದಲಾವಣೆ ಅಥವಾ ತಿಳಿಯದ ಕೆಲಸದ ಒತ್ತಾಯವೂ ಕಾರಣವಾಗಬಲ್ಲದು. ಒಮ್ಮೆ ಹೊಡೆದಾಗ ಕೆಲಸ ತಪ್ಪಿತು ಅಥವಾ ಕೇಳಿದ್ದು ದೊರೆಯಿತು ಎಂದಾದರೆ, ಅದೇ ಅವನ ಭಾಷೆಯಾಗಿ ಉಳಿಯುತ್ತದೆ.

ಇವೆರಡರ ನಡುವೆ ಸಿಕ್ಕಿಕೊಂಡಿರುವ ಮೂರನೆಯ ಗುಂಪೊಂದಿದೆ. ಅಲ್ಪ ಪ್ರಮಾಣದ ಅಸಾಮರ್ಥ್ಯವುಳ್ಳ ಮಗು ಮಾತನಾಡುತ್ತದೆ, ಸೈಕಲ್ ತುಳಿಯುತ್ತದೆ, ಅಂಗಡಿಗೆ ಹೋಗಿಬರುತ್ತದೆ. ಅದನ್ನು ಯಾರೂ ಪರೀಕ್ಷಿಸುವುದಿಲ್ಲ. 'ದಡ್ಡ' ಎಂಬ ಹಣೆಪಟ್ಟಿ ಹೊತ್ತು ಪ್ರೌಢಶಾಲೆ ತಲುಪಿದ ಈ ಹುಡುಗ ಸಹಪಾಠಿಗಳ ಅಪಹಾಸ್ಯಕ್ಕೆ ಮುಷ್ಟಿಯಿಂದ ಉತ್ತರಿಸಿದಾಗ ಪುಂಡನೆನಿಸುತ್ತಾನೆ. ಅಂಗವಿಕಲ ಮಕ್ಕಳು ಹಿಂಸೆಗೆ ಒಳಗಾಗುವ ಸಂಭವ ಇತರ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು ಎಂದು 2012ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಅವಲೋಕನ ಹೇಳಿತ್ತು. ಹೊಡೆಯುವವನೆಂದು ದೂರಲ್ಪಡುವವನೇ ಹೆಚ್ಚಾಗಿ ಹೊಡೆತ ತಿಂದವನು ಎಂಬುದು ಗಮನಾರ್ಹ.

ಮಾತ್ರೆಯ ಕುರಿತೂ ಎಚ್ಚರ ಅಗತ್ಯ. ಬೌದ್ಧಿಕ ಅಸಾಮರ್ಥ್ಯವುಳ್ಳ 86 ವಯಸ್ಕರ ಮೇಲೆ ನಡೆದು 2008ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಕ್ರಮಣಶೀಲತೆಗೆಂದು ಕೊಡುವ ಎರಡು ಮನೋರೋಗ ಔಷಧಿಗಳಿಗಿಂತ ಔಷಧಾಂಶವೇ ಇಲ್ಲದ ಹುಸಿಮಾತ್ರೆ ಪಡೆದವರಲ್ಲಿ ಆಕ್ರಮಣ ಹೆಚ್ಚು ಇಳಿದಿತ್ತು. ಇದು ವಯಸ್ಕರಿಗೆ ಸಂಬಂಧಿಸಿದ ಫಲಿತಾಂಶ. ಔಷಧಿಯೇ ಬೇಡವೆಂದು ಇದರ ಅರ್ಥವಲ್ಲ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದೂ ಅಪಾಯಕಾರಿ. ಆದರೆ ಕಾರಣ ಹುಡುಕುವ ಮೊದಲೇ ಮಾತ್ರೆ ಆರಂಭಿಸುವ ರೂಢಿಯನ್ನು ಇದು ಪ್ರಶ್ನಿಸುತ್ತದೆ.

ಕಾನೂನಿನಲ್ಲೂ ಒಂದು ಬಿರುಕಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಸರಪಳಿ ಬಿಗಿದಿದ್ದ ಮಾನಸಿಕ ಅಸ್ವಸ್ಥರು ಬೆಂಕಿಗೆ ಆಹುತಿಯಾದ ದುರಂತ ದೇಶವನ್ನೇ ಬೆಚ್ಚಿಬೀಳಿಸಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಅಸ್ವಸ್ಥರನ್ನು ಸರಪಳಿಯಲ್ಲಿ ಕಟ್ಟುವುದನ್ನು ಯಾವುದೇ ರೂಪದಲ್ಲೂ ನಿಷೇಧಿಸಿದೆ. ಆದರೆ ಅದೇ ಕಾಯ್ದೆಯ ವ್ಯಾಖ್ಯೆಯಂತೆ ಬುದ್ಧಿಮಾಂದ್ಯವು ಮಾನಸಿಕ ಅಸ್ವಸ್ಥತೆಯಲ್ಲ. ಇಂತಹ ಮಕ್ಕಳಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕ್ರೂರ ಹಾಗೂ ಅಮಾನವೀಯ ನಡವಳಿಕೆಯಿಂದ ರಕ್ಷಣೆ ನೀಡುತ್ತದೆ. 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನೂ ನೀಡಿದೆ. ಶಾಲೆಯ ಬೆತ್ತವನ್ನಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ.

ಇನ್ನೊಂದೆಡೆ, ಕೂಲಿಗೆ ಹೋಗಲೇಬೇಕಾದ ತಾಯಿ ಮಗ ಹೆದ್ದಾರಿಗೆ ಓಡದಿರಲೆಂದು ಬಾಗಿಲಿಗೆ ಚಿಲಕ ಹಾಕಿದರೆ ಅದು ಕ್ರೌರ್ಯವೋ, ಅಸಹಾಯಕತೆಯೋ? ಹಗಲು ಹೊತ್ತು ಮಗನನ್ನು ನೋಡಿಕೊಳ್ಳುವ ಕೇಂದ್ರ ಹತ್ತಿರದಲ್ಲಿಲ್ಲದೆ ಆಕೆಗೆ ಕಾನೂನು ಬೋಧಿಸುವುದರಲ್ಲಿ ಅರ್ಥವಿಲ್ಲ.

ಪರಿಹಾರದ ಮೊದಲ ಹೆಜ್ಜೆಗೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ. ಆಕ್ರಮಣಕ್ಕೆ ಮುನ್ನ ಏನು ನಡೆಯಿತು, ಮಗು ಏನು ಮಾಡಿತು, ನಂತರ ಅದಕ್ಕೆ ಏನು ದೊರೆಯಿತು ಎಂಬ ಮೂರು ಸಂಗತಿಗಳನ್ನು ಎರಡು ವಾರ ಬರೆದಿಟ್ಟರೆ ಕಾರಣದ ಜಾಡು ಬಹುಪಾಲು ಸಿಗುತ್ತದೆ. ಬರೆಯಲು ಬಾರದ ತಾಯಿಗೆ ಶಿಕ್ಷಕರೋ ಆಶಾ ಕಾರ್ಯಕರ್ತೆಯೋ ನೆರವಾಗಬಲ್ಲರು. ಜೊತೆಗೆ ಹಲ್ಲು, ಕಿವಿ, ಹೊಟ್ಟೆಯ ತಪಾಸಣೆ ನಡೆಯಬೇಕು. ರಾಜ್ಯದ ಮನೋಚೈತನ್ಯ ಯೋಜನೆ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರನ್ನು ಕರೆತರುವ ಉದ್ದೇಶ ಹೊಂದಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.

ಈ ವ್ಯವಸ್ಥೆಗಳು ಮನೆಯ ಹೊಸ್ತಿಲು ತಲುಪುವವರೆಗೆ ಬೆತ್ತ ಮತ್ತು ಚಿಲಕ ಉಳಿದೇ ಇರುತ್ತವೆ. ಒಬ್ಬನ ಸೊಕ್ಕಿನ ಹಿಂದೆ ಅವಮಾನವಿರಬಹುದು, ಇನ್ನೊಬ್ಬನ ಹುಚ್ಚಿನ ಹಿಂದೆ ಬರೀ ಹಲ್ಲುನೋವಿರಬಹುದು. ಅದನ್ನು ವಿಚಾರಿಸುವ ಹೊಣೆ ಹಿರಿಯರದ್ದು.