ಬಿದ್ದುಹೋದ ಪ್ರಶ್ನಾರ್ಥಕ ಚಿಹ್ನೆ



"ಮೇಷ್ಟ್ರಿಗೆ ಕ್ಯಾನ್ಸರ್ ಅಂತೆ" ಎಂಬ ಸುದ್ದಿ ನಿಮ್ಮಲ್ಲಿ ಹಲವರನ್ನು ಈಗಾಗಲೇ ತಲುಪಿದೆ. ದೂರವಾಣಿ ಮಾಡಿ ವಿಚಾರಿಸಿದವರು ಕೆಲವರು, ವಿಚಾರಿಸಲು ಸಂಕೋಚಪಟ್ಟವರು ಅದಕ್ಕಿಂತ ಹೆಚ್ಚು. ಎಲ್ಲರಿಗೂ ಒಟ್ಟಿಗೆ ಉತ್ತರಿಸುತ್ತೇನೆ. ನನಗೆ ಕ್ಯಾನ್ಸರ್ ಇದೆಯೆಂದು ಇದುವರೆಗೆ ಯಾವ ವೈದ್ಯರೂ ಹೇಳಿಲ್ಲ. ಹಾಗೆ ಹೇಳಿದ್ದು ಒಂದು ಸಂಕೇತಸಂಖ್ಯೆ. ಈ ಬರಹ ಅದನ್ನು ಕುರಿತದ್ದು. ಸ್ವಲ್ಪ ಖಾರವಾದರೆ ಮನ್ನಿಸಿ.

ವಯಸ್ಸಾದ ಗಂಡಸರಿಗೆ ಬರುವ ಮೂತ್ರದ ತೊಂದರೆಗೆಂದು ಹೋದಾಗ ನನ್ನ ರಕ್ತದಲ್ಲಿ ಪಿಎಸ್‌ಎ ಎಂಬ ಅಂಶ 6.8 ಇರುವುದು ತಿಳಿಯಿತು. ಸಾಮಾನ್ಯವಾಗಿ ಅದು 4 ದಾಟಿದರೆ ವೈದ್ಯರು ಹುಬ್ಬೇರಿಸುತ್ತಾರೆ. ಕ್ಯಾನ್ಸರ್ ಇಲ್ಲದೆ, ಬರಿಯ ಊತದಿಂದಲೋ ಸೋಂಕಿನಿಂದಲೋ ಕೂಡ ಏರುವುದುಂಟು. ಪ್ರಾಸ್ಟೇಟ್ ಗ್ರಂಥಿಯ 12 ಕಡೆಗಳಿಂದ ಸೂಜಿಯ ಮೂಲಕ ದಾರದೆಳೆಯಷ್ಟು ಮಾಂಸ ತೆಗೆದು ಬಯಾಪ್ಸಿ ಮಾಡಿದರು. 11 ಎಳೆಗಳಲ್ಲಿ ಏನೂ ಇಲ್ಲ. ಉಳಿದ ಒಂದರ ಮುಂದೆ "ಎಟಿಪಿಕಲ್ ಸ್ಮಾಲ್ ಅಸಿನಾರ್ ಪ್ರೊಲಿಫರೇಷನ್" ಎಂದು ರೋಗಶಾಸ್ತ್ರಜ್ಞರು ಬರೆದರು. ಇದರ ಹ್ರಸ್ವರೂಪ ಎಎಸ್‌ಎಪಿ. ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಮೊಮ್ಮಗಳು ಅದನ್ನು ಕಚೇರಿ ಭಾಷೆಯ "ಆದಷ್ಟು ಬೇಗ" ಎಂದು ಓದಿಕೊಂಡು ಗಾಬರಿಯಾದಳು!

ವಾಸ್ತವವಾಗಿ ಅದು ರೋಗದ ಹೆಸರೇ ಅಲ್ಲ. ಪ್ರಾಮಾಣಿಕ ತಜ್ಞರೊಬ್ಬರ ಸಂದೇಹಕ್ಕೆ ಇಟ್ಟ ಹೆಸರು. ಒಂದಷ್ಟು ಪುಟ್ಟ ಗ್ರಂಥಿಗಳು ಅಸಹಜವಾಗಿ ಕಾಣುತ್ತವೆ. ಆದರೆ ಕ್ಯಾನ್ಸರ್ ಎಂದು ಸಹಿ ಹಾಕಲು ಕಣ್ಣಿಗೆ ಬಿದ್ದ ಭಾಗ ಸಾಲದು. ಸಹಜ ಗ್ರಂಥಿಯ ಅಂಚಿನಲ್ಲಿರುವ ಬುಡಕೋಶಗಳ ಪದರ ಉಳಿದಿದೆಯೋ ಇಲ್ಲವೋ ಎಂದು ವಿಶೇಷ ಬಣ್ಣ ಹಾಕಿ ನೋಡುತ್ತಾರೆ. ಆಗಲೂ ತೀರ್ಮಾನವಾಗದಿದ್ದರೆ ಹೀಗೆ ಬರೆದು, ಕೆಲವು ತಿಂಗಳಲ್ಲಿ ಮರುಪರೀಕ್ಷೆಗೆ ಸೂಚಿಸುತ್ತಾರೆ. ಹೆದರಿ ಕೂರುವಂತಿಲ್ಲ, ಮರೆತು ಕೂರುವಂತೆಯೂ ಇಲ್ಲ.

ಇಷ್ಟು ಎಚ್ಚರದಿಂದ ಬರೆದ ವಾಕ್ಯ ಎರಡು ಮೇಜು ದಾಟುವಷ್ಟರಲ್ಲಿ ಏನಾಯಿತು ನೋಡಿ. ವರದಿ ಹಿಡಿದು ಮತ್ತೆ ಹೋದ ದಿನ ಕಿರಿಯ ವೈದ್ಯರೊಬ್ಬರು ನನ್ನ ಕಡತದಲ್ಲಿ "ಸಿಎ ಪ್ರಾಸ್ಟೇಟ್ ?" ಎಂದು ಗೀಚಿದರು. ಸಿಎ ಎಂದರೆ ಕಾರ್ಸಿನೋಮ. ಕಡತ ಬಿಲ್ಲಿನ ವಿಭಾಗಕ್ಕೆ ಹೋಯಿತು. ಅಲ್ಲಿನ ಗಣಕಯಂತ್ರದ ಚೌಕದಲ್ಲಿ ಪ್ರಶ್ನಾರ್ಥಕ ಚಿಹ್ನೆಗೆ ಜಾಗವಿಲ್ಲ. ಅಲ್ಲಿದ್ದಾತ ಸಿ61 ಎಂದು ಒತ್ತಿದ. ಸಿ61 ಎಂದರೆ ಪ್ರಾಸ್ಟೇಟಿನ ಮಾರಕ ಗಂತಿ. ವಿಮೆಯವರ ಪತ್ರದಲ್ಲಿ ಅಚ್ಚಾಗಿ ಬಂದದ್ದೂ ಅದೇ. ಆ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಆಸ್ಪತ್ರೆಗೆ ಹೋಗಿ ಕೇಳಿದರೆ, "ಕ್ಲೇಮು ಪಾಸಾಯ್ತಲ್ಲ ಸಾರ್, ಇನ್ನೇನು?" ಎಂಬ ಉತ್ತರ. ನನ್ನ ಸೋದರಳಿಯನೂ "ಕಾಗದದ ಮಾತು, ಬಿಟ್ಟುಬಿಡಿ ಮಾವ" ಎಂದ.

ಬಿಡಲಾರೆ. 36 ವರ್ಷ ಮಕ್ಕಳ ಲೇಖನಚಿಹ್ನೆಗಳನ್ನು ತಿದ್ದಿದವನು ನಾನು. "ಅವನು ಬಂದ." ಎಂಬುದಕ್ಕೂ "ಅವನು ಬಂದ?" ಎಂಬುದಕ್ಕೂ ಇರುವ ಅಂತರವನ್ನು ಏಳನೆಯ ತರಗತಿಯ ಹುಡುಗ ಮರೆತರೆ ಅರ್ಧ ಅಂಕ ಕಳೆಯುತ್ತಿದ್ದೆ, ನಿಮಗೆ ನೆನಪಿರಬಹುದು. ಎಂ.ಬಿ.ಬಿ.ಎಸ್. ಆದವರಿಗೆ ರಿಯಾಯಿತಿ ಏಕೆ?

ಸಂಕೇತಪದ್ಧತಿಯನ್ನೇ ದೂರೋಣವೆಂದು ಹೊರಟಿದ್ದೆ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಕಡತಗಳಿಗೆ ಸಂಕೇತ ಹಾಕುವ ನನ್ನ ಹಳೆಯ ಶಿಷ್ಯನೊಬ್ಬ ತಡೆದ. ಐಸಿಡಿ-10ರ ತಮ್ಮದೇ ರೂಪವನ್ನು ಅಮೆರಿಕದವರು 2015ರ ಅಕ್ಟೋಬರ್‌ನಿಂದ ಬಳಸುತ್ತಿದ್ದಾರೆ. ಅದರಲ್ಲಿ ನನ್ನ ಸ್ಥಿತಿಗೆಂದೇ 2016ರ ಅಕ್ಟೋಬರ್ 1ರಿಂದ ಎನ್42.32 ಎಂಬ ಸಂಕೇತವಿದೆ. ಪಿಐಎನ್ ಎಂಬ ಇನ್ನೊಂದು ಬಗೆಯ ಕೋಶವಿಕಾರದ ಮೊದಲೆರಡು ಹಂತಗಳಿಗೆ ಎನ್42.31, ಮೂರನೆಯದಕ್ಕೆ ಡಿ07.5; ಪಿಎಸ್‌ಎ ಏರಿದ್ದಕ್ಕಷ್ಟೇ ಆದರೆ ಆರ್97.20. ಹೊರರೋಗಿಯ ಕಡತದಲ್ಲಿ "ಶಂಕೆ", "ಇರಬಹುದು" ಎಂದಿದ್ದರೆ ಅದನ್ನು ರೋಗವೆಂದು ನಮೂದಿಸಲೇಬಾರದೆಂಬ ನಿಯಮ ಅಲ್ಲಿದೆ. (ದಾಖಲಾದ ಒಳರೋಗಿಗೆ ಮಾತ್ರ, ಬಿಡುಗಡೆಯ ಹೊತ್ತಿಗೂ ಶಂಕೆ ಉಳಿದಿದ್ದರೆ, ರೋಗ ಇದ್ದಂತೆಯೇ ಬರೆಯುತ್ತಾರಂತೆ! ಒಂದೇ ಸಂದೇಹಕ್ಕೆ ಬೆಂಚಿನ ಮೇಲೊಂದು ಅರ್ಥ, ಹಾಸಿಗೆಯ ಮೇಲೊಂದು.) ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಇಷ್ಟು ಸೂಕ್ಷ್ಮ ವಿಭಾಗಗಳಿಲ್ಲ, ನಿಜ. ಆದರೂ ಸಂದೇಹವನ್ನು ಸಿ61ರ ಕೊರಳಿಗೆ ಕಟ್ಟಬೇಕಾದ ಗತಿಗೇಡು ಅಲ್ಲಿಯೂ ಇಲ್ಲ.

ಆದುದರಿಂದ ನನ್ನ ಸಿಟ್ಟು ಸಂಕೇತದ ಮೇಲಲ್ಲ, ಒತ್ತಿದ ಹುಡುಗನ ಮೇಲೂ ಅಷ್ಟಾಗಿ ಇಲ್ಲ. ತಜ್ಞರು ಪೂರ್ಣವಾಕ್ಯದಲ್ಲಿ ಹೇಳಿದ್ದನ್ನು ಎರಡು ಅಕ್ಷರಕ್ಕೂ ಒಂದು ಕೊಕ್ಕೆಗೂ ಇಳಿಸಿದ ಆ ಲೇಖನಿಯ ಮೇಲೆ. ಎಷ್ಟು ಎಳೆ, ಯಾವ ಬದಿ, ವರದಿಯ ಮೂಲಪದ ಯಾವುದು, ಮರುಪರೀಕ್ಷೆ ಯಾವಾಗ ಎಂದು ಬರೆಯಲು ಮೂರು ಸಾಲು ಸಾಕು. ನಿಜವಾಗಿ ಕ್ಯಾನ್ಸರ್ ಇದ್ದವರಿಗಾದರೆ ಗ್ಲೀಸನ್ ಅಂಕವನ್ನೂ ಬರೆಯಬೇಕು. ಸಿ61 ಎಂಬ ಸಂಕೇತಕ್ಕೆ ಮಂದಗತಿಯ ಗಂತಿಯೂ ಉಗ್ರವಾದದ್ದೂ ಒಂದೇ. ಸಂದೇಹ ಬಂದರೆ ವೈದ್ಯರನ್ನು ಕೇಳುವ ಅಧಿಕಾರವನ್ನು ಸಂಕೇತ ಹಾಕುವವನಿಗೂ ಕೊಡಬೇಕು. ನನ್ನ ಪ್ರಕರಣದಲ್ಲಿ ಅವನು ಕೇಳಲಿಲ್ಲ, ಕೇಳಿದ್ದರೆ ಬೈಸಿಕೊಳ್ಳುತ್ತಿದ್ದನೇನೋ.

ಕಾಗದದ ಮಾತು ಎಂದವರಿಗೆ ಇನ್ನೊಂದು ವಿಷಯ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಊರಿನಲ್ಲಿ ಎಷ್ಟು ಜನಕ್ಕೆ ಯಾವ ಕ್ಯಾನ್ಸರ್ ಎಂಬ ಲೆಕ್ಕ ಹುಟ್ಟುವುದು ಆಸ್ಪತ್ರೆಗಳ ಇಂಥ ಕಡತಗಳಿಂದಲೇ. ನಾಳೆ ನನಗೆ ಪ್ರಜ್ಞೆಯಿಲ್ಲದಾಗ ಬೇರೊಬ್ಬ ವೈದ್ಯರು ತೆರೆದು ನೋಡುವುದೂ ಅದನ್ನೇ. ತಪ್ಪು ಇನ್ನೊಂದು ದಿಕ್ಕಿಗೆ ಆಗಿದ್ದರೆ ಅನರ್ಥ ಇನ್ನೂ ದೊಡ್ಡದು. "ಗ್ರಂಥಿ ದೊಡ್ಡದಾಗಿದೆ, ಬೇರೇನಿಲ್ಲ" ಎಂದು ಯಾರಾದರೂ ಬರೆದಿದ್ದರೆ ಮನೆಯಲ್ಲಿ ಪಾಯಸ ಮಾಡುತ್ತಿದ್ದೆವು, ಮರುಪರೀಕ್ಷೆಗೆ ಯಾರೂ ಕರೆಯುತ್ತಿರಲಿಲ್ಲ.

ನಿಮ್ಮಲ್ಲೂ ಹಲವರಿಗೆ ಈಗ 60 ದಾಟಿದೆ. ಬಯಾಪ್ಸಿಯಾದರೆ ರೋಗಶಾಸ್ತ್ರದ ಮೂಲ ವರದಿಯ ಪ್ರತಿಯನ್ನೇ ಕೇಳಿ ಪಡೆಯಿರಿ. ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇದೆ. ನಾನು ಆ ನಿಯಮದ ಸಂಖ್ಯೆ ಬರೆದು ಮೂರು ಪತ್ರ ಹಾಕಿದ ಮೇಲೆ ತಿದ್ದಿದ ಕಾಗದ ಬಂತು. ವಿಮೆಯವರಿಗೂ ಒಂದು ಪ್ರತಿ ಕಳುಹಿಸಿದ್ದೇನೆ, ಅವರಿಂದ ಉತ್ತರವಿಲ್ಲ. ನನ್ನ ಎರಡನೆಯ ಬಯಾಪ್ಸಿ ಮುಂದಿನ ತಿಂಗಳು. ವರದಿ ಏನೇ ಬಂದರೂ ಅದರ ಪದಗಳಲ್ಲೇ ಇಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಫೋನಿನಲ್ಲಿ ಯಾರೂ ಅಳಬೇಡಿ.