ದೂರದರ್ಶಕದ ಸರದಿ

ಊರ ಕೆರೆಯ ನೀರನ್ನು ನೀರುಗಂಟಿಯು ಸರದಿಯ ಮೇಲೆ ಗದ್ದೆಗಳಿಗೆ ಬಿಡುವುದುಂಟು. ದೊಡ್ಡ ದೂರದರ್ಶಕದ ರಾತ್ರಿಗಳೂ ಹಾಗೆಯೇ ಹಂಚಿಕೆಯಾಗುತ್ತವೆ. ತಮಿಳುನಾಡಿನ ಜವಾದಿ ಬೆಟ್ಟಗಳ ನಡುವೆ ಇರುವ ಕಾವಲೂರು ವೀಕ್ಷಣಾಲಯಕ್ಕೆ, ಯಾವ ನಕ್ಷತ್ರವನ್ನು, ಏತಕ್ಕಾಗಿ, ಎಷ್ಟು ಹೊತ್ತು ನೋಡಬೇಕೆಂದು ವಿವರಿಸಿ ಸಂಶೋಧಕರು ಅರ್ಜಿ ಬರೆಯುತ್ತಾರೆ. ಸಮಿತಿಯೊಂದು ಅವನ್ನು ತೂಗಿ ನೋಡಿ ರಾತ್ರಿಗಳನ್ನು ಹಂಚುತ್ತದೆ. ಆ ರಾತ್ರಿ ಮೋಡ ಮುಸುಕಿದರೆ ಸರದಿ ಕೈತಪ್ಪಿತೆಂದೇ ಲೆಕ್ಕ.

ಇಷ್ಟು ಬೆಲೆಯುಳ್ಳ ರಾತ್ರಿಗಳನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕೊಡುವುದೇಕೆ, ಅನುಭವಿಗಳಿಗೇ ಮೀಸಲಿಡಬಾರದೇ ಎಂದು ಕೇಳುವವರುಂಟು. ಕೊಡಲೇಬೇಕೆಂಬುದು ನಮ್ಮ ಅಭಿಪ್ರಾಯ.

ವೇಣು ಬಾಪು ಅವರು ನಮ್ಮೀ ಹೈದರಾಬಾದಿನಲ್ಲಿಯೇ ಬೆಳೆದು ನಿಜಾಂ ಕಾಲೇಜಿನಲ್ಲಿ ಓದಿದವರು. ಅವರ ತಂದೆ ಇಲ್ಲಿಯ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, ಅಲ್ಲಿಯ ದೂರದರ್ಶಕದಿಂದ ತೆಗೆದ ಛಾಯಾಚಿತ್ರದ ಫಲಕದಲ್ಲಿ ಬಾಪು ಹೊಸದೊಂದು ಧೂಮಕೇತುವನ್ನು ಕಂಡರು. ಅವರೊಡನೆ ಬೋಕ್ ಮತ್ತು ನ್ಯೂಕರ್ಕ್ ಅವರ ಹೆಸರುಗಳೂ ಅದಕ್ಕೆ ಸೇರಿದವು. ಅಂದು ಸರದಿ ಪಡೆದ ವಿದ್ಯಾರ್ಥಿಯೇ ಮುಂದೆ ಕಾವಲೂರು ವೀಕ್ಷಣಾಲಯವನ್ನು ಸ್ಥಾಪಿಸಿದರು. ಭಾರತದಲ್ಲಿಯೇ ನಿರ್ಮಿತವಾದ ಅಲ್ಲಿಯ 2.34 ಮೀಟರ್ ದೂರದರ್ಶಕವು ಪೂರ್ಣಗೊಳ್ಳುವುದನ್ನು ಕಾಣುವ ಭಾಗ್ಯ ಅವರಿಗೆ ದೊರೆಯಲಿಲ್ಲ. 1982ರಲ್ಲಿ ಅವರು ತೀರಿಕೊಂಡರು. 1986ರಲ್ಲಿ ಅದಕ್ಕೆ ಅವರ ಹೆಸರನ್ನಿಟ್ಟರು.

1967ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸ್ಲಿನ್ ಬೆಲ್, ರೇಡಿಯೋ ದೂರದರ್ಶಕದ ಕಾಗದದ ಸುರುಳಿಗಳನ್ನು ಮಾರುಗಟ್ಟಲೆ ಪರಿಶೀಲಿಸುತ್ತ, ಸಣ್ಣದೊಂದು ಗೀಚನ್ನು ಕಡೆಗಣಿಸದೆ ಹಿಡಿದರು. ಪಲ್ಸಾರ್ ಎಂಬ ನಕ್ಷತ್ರಗಳು ಲೋಕಕ್ಕೆ ತಿಳಿದುದು ಹೀಗೆ. ಹೊಸ ಕಣ್ಣಿಗೆ ಬೇಸರ ಕಡಿಮೆ, ಸಂಶಯ ಹೆಚ್ಚು. ವಿಜ್ಞಾನಕ್ಕೆ ಬೇಕಾದುದು ಇವೆರಡೇ ಗುಣಗಳಲ್ಲವೇ?

ಪ್ರಿಯ ವಿದ್ಯಾರ್ಥಿಗಳೇ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದೆಲ್ಲ ದಕ್ಕೀತೇ ಎಂಬ ಅಳುಕು ನಿಮ್ಮಲ್ಲಿರುವುದನ್ನು ನಾವು ಬಲ್ಲೆವು. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿದ ನಮ್ಮನ್ನೂ ಅದು ಕಾಡಿದ್ದುಂಟು. ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುವುದು ನಿಜ. ಆ ಭಾಷೆಯನ್ನು ಶ್ರಮಪಟ್ಟು ಕಲಿಯೋಣ. ಆದರೆ ಅರ್ಜಿಯ ಜೀವವಿರುವುದು ಅದು ಕೇಳುವ ಪ್ರಶ್ನೆಯಲ್ಲಿ. ಪ್ರಶ್ನೆ ಹುಟ್ಟುವುದು ನಾವು ಯೋಚಿಸುವ ನುಡಿಯಲ್ಲಿ.

ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಇಂದು ಕನ್ನಡನಾಡಿನ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ದೂರವು ಈಗ ಅಡ್ಡಿಯಲ್ಲ. ಈ ರಾತ್ರಿಯೇ ಮಾಳಿಗೆಯನ್ನೇರಿ ಚಂದ್ರನ ಸ್ಥಾನವನ್ನು ಗುರುತಿಸಿ, ಪುಸ್ತಕದಲ್ಲಿ ಬರೆದಿಡಿರಿ. ನಾಳೆ ಅದೇ ಹೊತ್ತಿಗೆ ಮತ್ತೆ ನೋಡಿರಿ. ಏಕೆ ಹೀಗಾಯಿತೆಂಬ ಪ್ರಶ್ನೆ ನಿಮ್ಮಲ್ಲಿ ಮೂಡಿದರೆ, ನೀವು ಆಗಲೇ ಸರದಿಯಲ್ಲಿ ನಿಂತಿದ್ದೀರಿ.